ಎಪ್ಸಿಲಾನ್ ಎಂಬ ಸಣ್ಣ ಗೀರು

ಆಫೀಸಿನಲ್ಲಿ ವರ್ಷಕ್ಕೊಂದು ಸಲ ಹೆಲ್ತ್ ಚೆಕಪ್ ಮಾಡಿಸ್ತಾರಲ್ಲ, ಅದಕ್ಕೆ ಹೋಗಿದ್ದೆ. ಖಾಲಿ ಹೊಟ್ಟೆ, ರಕ್ತ ಕೊಟ್ಟಾಗಿತ್ತು, ಮನಸ್ಸೆಲ್ಲ ಆಮೇಲೆ ಕೊಡುವ ಇಡ್ಲಿಯ ಕಡೆಗೆ. ಇಸಿಜಿ ತೆಗೆಯುವ ಹುಡುಗ ಎದೆಗೆ ತಣ್ಣನೆಯ ಜೆಲ್ ಹಚ್ಚಿ, ಆರು ಕಡೆ ವೈರು ಅಂಟಿಸಿ, ಕೈಕಾಲಿಗೆ ಕ್ಲಿಪ್ ಹಾಕಿದ. ಮೊದಲ ಸಲ ಬಂದ ಗೆರೆ ನಡುಗುತ್ತಿತ್ತು. ಎಸಿ ಜೋರಾಗಿತ್ತು, ನಾನೂ ನಡುಗುತ್ತಿದ್ದೆ. ಅವನು ಯಾವುದೋ ಬಟನ್ ಒತ್ತಿ ಮತ್ತೊಂದು ಪ್ರಿಂಟ್ ತೆಗೆದ. "ಈಗ ನೀಟಾಗಿ ಬಂತು ನೋಡಿ ಸಾರ್" ಅಂದ. ನಿಜಕ್ಕೂ ನೀಟಾಗಿತ್ತು. ಏನು ಒತ್ತಿದ್ರಿ ಅಂತ ಕೇಳಿದೆ. "ಫಿಲ್ಟರ್ ಸಾರ್."

ಆ ಕಾಗದದ ಕೆಳಗಿನ ಅಂಚಿನಲ್ಲಿ ಇರುವೆಯಂಥ ಅಕ್ಷರದಲ್ಲಿ ಮೂರು ಅಂಕಿ ಇದ್ದವು. ಸೆಕೆಂಡಿಗೆ 25 ಮಿಲಿಮೀಟರ್, ಮಿಲಿವೋಲ್ಟಿಗೆ 10 ಮಿಲಿಮೀಟರ್, ಮತ್ತೆ 40 ಹರ್ಟ್ಸ್. ಮೊದಲನೆಯದು ಕಾಗದ ಓಡುವ ವೇಗ, ಎರಡನೆಯದು ಗೆರೆಯ ಎತ್ತರದ ಲೆಕ್ಕ. ಮೂರನೆಯದು ಅವನು ಒತ್ತಿದ ಬಟನ್ನು. 40 ಹರ್ಟ್ಸಿಗಿಂತ ಚುರುಕಾಗಿ ಅಲ್ಲಾಡುವುದನ್ನೆಲ್ಲ ಯಂತ್ರ ಸವರಿ ನುಣ್ಣಗೆ ಮಾಡುತ್ತದೆ. ನಡುಕ ಹೋಗುತ್ತೆ, ಸರಿ. ನಡುಕದ ಜೊತೆಗೆ ಬೇರೆ ಏನಾದರೂ ಹೋಗುತ್ತಾ? ಈ ಪ್ರಶ್ನೆ ಹಿಡ್ಕೊಂಡು ಓದ್ತಾ ಓದ್ತಾ ನಾನು 1970ರ ದಶಕದ ಪ್ಯಾರಿಸ್ಸಿಗೆ ಹೋಗಿ ಮುಟ್ಟಿದೆ. ಅಲ್ಲಿಗೆ ಹೋಗುವ ಮುಂಚೆ ಸ್ವಲ್ಪ ಹಿಂದಿನ ಕಥೆ ಹೇಳಬೇಕು.

ಇವತ್ತು ನಾವು ಇಸಿಜಿ ಅನ್ನುವುದನ್ನು ಆಸ್ಪತ್ರೆಗೆ ಉಪಯೋಗವಾಗುವ ಹಾಗೆ ರೂಪಿಸಿದವರು ನೆದರ್ಲೆಂಡ್ಸಿನ ಲೈಡನ್ ಊರಿನ ವಿಲ್ಲೆಮ್ ಐಂಥೋವನ್. ಹುಟ್ಟಿದ್ದು ಜಾವಾ ದ್ವೀಪದಲ್ಲಿ. 20ನೇ ಶತಮಾನದ ಶುರುವಿನಲ್ಲಿ ಅವರು ಕಟ್ಟಿದ ಯಂತ್ರ ಸುಮಾರು 270 ಕೆಜಿ ತೂಗುತ್ತಿತ್ತು, ನಡೆಸೋಕೆ ಐದು ಜನ ಬೇಕಾಗುತ್ತಿತ್ತು. ರೋಗಿ ಎರಡೂ ಕೈ, ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿಕೊಂಡು ಕೂರಬೇಕು. ಗೆರೆಯ ಏಳುಬೀಳುಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಅಂತ ಹೆಸರಿಟ್ಟವರೂ ಅವರೇ. 1924ರಲ್ಲಿ ನೊಬೆಲ್ ಬಂತು. ನಮಗೆ ಇಲ್ಲಿ ಬೇಕಾದದ್ದು ಎರಡೇ. ಹೃದಯದ ಕೆಳಗಿನ ಎರಡು ದೊಡ್ಡ ಕೋಣೆಗಳಲ್ಲಿ (ಹೈಸ್ಕೂಲಿನಲ್ಲಿ ಹೃತ್ಕುಕ್ಷಿ ಅಂತ ಬಾಯಿಪಾಠ ಮಾಡಿದ್ದು ಇವನ್ನೇ) ಕರೆಂಟ್ ಹರಡುವ ಹೊತ್ತಿನ ಚೂಪಾದ ಗೋಪುರ ಕ್ಯೂಆರ್‌ಎಸ್. ಅದಾದ ಮೇಲೆ ಸ್ನಾಯು ಸುಧಾರಿಸಿಕೊಂಡು ಮುಂದಿನ ಬಡಿತಕ್ಕೆ ತಯಾರಾಗುವಾಗಿನ ದುಂಡನೆಯ ದಿಬ್ಬ ಟಿ.

ಹೃದಯದ ಸ್ನಾಯು ಸತ್ತರೆ ಆ ಜಾಗದಲ್ಲಿ ಹೊಸ ಸ್ನಾಯು ಬೆಳೆಯುವುದಿಲ್ಲ ಎಂದೇ ಹೇಳಬೇಕು, ಗಾಯದ ಕಲೆ ಕಟ್ಟುತ್ತದೆ. ಚಿಕ್ಕಂದಿನಲ್ಲಿ ಸೈಕಲ್ಲಿಂದ ಬಿದ್ದ ಗುರುತು ಮೊಣಕಾಲಿನ ಮೇಲೆ ಉಳಿದಿರುತ್ತಲ್ಲ, ಆ ಥರದ ಗಟ್ಟಿ ನಾರು. ಈ ಕಲೆ ಕರೆಂಟ್ ಹುಟ್ಟಿಸುವುದೂ ಇಲ್ಲ, ಹಾಯಿಸುವುದೂ ಇಲ್ಲ. ಅದರ ನಡುವೆ ಅಲ್ಲೊಂದು ಇಲ್ಲೊಂದು ಸ್ನಾಯುವಿನ ಎಳೆ ಉಳಿದಿದ್ದರೆ ಅದರೊಳಗೆ ಕರೆಂಟ್ ಸುತ್ತಿ ಬಳಸಿ ನಿಧಾನಕ್ಕೆ ಸಾಗುತ್ತದೆ. ಹಾಗಾಗಿ ಇಸಿಜಿಯಲ್ಲಿ ಕಲೆ ನೇರವಾಗಿ ಕಾಣೋದೇ ಇಲ್ಲ. ಇರಬೇಕಾದ ಎತ್ತರ ಇಲ್ಲದಿರುವುದು, ಮುಗಿಯಬೇಕಾದದ್ದು ಹೊತ್ತಿಗೆ ಸರಿಯಾಗಿ ಮುಗಿಯದಿರುವುದು, ಇವುಗಳಿಂದ ಊಹಿಸಬೇಕು.

ವೈದ್ಯರು ಮೊದಲು ಕಲಿತದ್ದು ಇಲ್ಲದಿರುವುದನ್ನು ಓದುವುದು. ಹಾರ್ಟ್ ಅಟ್ಯಾಕ್ ಆಗಿ ಒಂದು ಭಾಗ ಸತ್ತರೆ ಅದರ ಎದುರಿಗಿರುವ ಎಲೆಕ್ಟ್ರೋಡಿಗೆ ಅದೊಂದು ತೆರೆದ ಕಿಟಕಿಯ ಹಾಗೆ. ಹತ್ತಿರದ ಗೋಡೆಯಲ್ಲಿ ಕರೆಂಟ್ ಇಲ್ಲ, ಆಚೆಕಡೆಯ ಗೋಡೆಯಲ್ಲಿ ದೂರ ಸರಿಯುವ ಕರೆಂಟ್ ಮಾತ್ರ ಕಾಣುತ್ತೆ. ಗೆರೆ ಮೊದಲೇ ಆಳಕ್ಕೆ ಇಳಿಯುತ್ತದೆ. ಅದೇ ಕ್ಯೂ ಅಲೆ. ಅಮೆರಿಕದ ಮಿಶಿಗನ್ನಿನಲ್ಲಿ ಫ್ರಾಂಕ್ ವಿಲ್ಸನ್ 1930ರ ದಶಕದಲ್ಲಿ ಇದನ್ನು ಬಿಡಿಸಿ ತೋರಿಸಿದರು. ಆಮೇಲೆ ಒಂದೆರಡು ತಲೆಮಾರಿನ ವೈದ್ಯರಿಗೆ ಇಸಿಜಿಯಲ್ಲಿ ಕಲೆ ಅಂದರೆ ರಕ್ತನಾಳ ಕಟ್ಟಿದ್ದು, ಅಂದರೆ ಎಡಗಡೆಯ ಕೋಣೆ, ಅಂದರೆ ವಯಸ್ಸಾದ ಗಂಡಸು. ಹೆಚ್ಚಿನ ಸಲ ಅದು ಸರಿಯೂ ಆಗಿತ್ತು. ತೊಂದರೆ ಆಗಿದ್ದು ಉಳಿದವರಿಗೆ.

ರಕ್ತನಾಳ ಚೆನ್ನಾಗಿದ್ದೂ ಸ್ನಾಯುವೇ ಕೆಡುವ ಕಾಯಿಲೆಗಳಿಗೆ 'ಕಾರ್ಡಿಯೋಮಯೋಪತಿ' ಅನ್ನುವ ಹೆಸರು ಬಂದದ್ದೇ 1957ರಲ್ಲಿ, ಲಂಡನ್ನಿನ ವಾಲೇಸ್ ಬ್ರಿಗ್ಡೆನ್ ಅವರಿಂದ. ಮರುವರ್ಷ ಅದೇ ಊರಿನ ಡೊನಾಲ್ಡ್ ಟೀರ್, ಹೃದಯದ ಗೋಡೆ ಒಂದೇ ಕಡೆ ವಿಪರೀತ ದಪ್ಪಗಾಗಿದ್ದ ಕೆಲವು ಯುವಕ ಯುವತಿಯರ ಹೃದಯಗಳನ್ನು ವರ್ಣಿಸಿ ಬರೆದರು. ಹೆಚ್ಚಿನವರು ಇದ್ದಕ್ಕಿದ್ದಂತೆ ಸತ್ತವರು. ಟೀರ್ ಹೃದ್ರೋಗ ತಜ್ಞರಲ್ಲ, ಪೋಸ್ಟ್‌ಮಾರ್ಟಂ ಮಾಡುವವರು. ಮುಂದೆ 1970ರಲ್ಲಿ ಜಿಮಿ ಹೆಂಡ್ರಿಕ್ಸ್ ಸತ್ತಾಗ ಪೋಸ್ಟ್‌ಮಾರ್ಟಂ ಮಾಡಿದವರೂ ಇವರೇ, ಬ್ರೂಸ್ ಲೀ ಸಾವಿನ ವಿಚಾರಣೆಗೆ ಹಾಂಗ್‌ಕಾಂಗಿಗೆ ಹೋಗಿ ಸಾಕ್ಷಿ ಹೇಳಿದವರೂ ಇವರೇ. ಇದು ನಮ್ಮ ಕಥೆಗೆ ಬೇಕಿಲ್ಲ, ಆದರೆ ಹೇಳದೇ ಇರೋಕೆ ಆಗಲಿಲ್ಲ. ಬೇಕಾದದ್ದು ಇಷ್ಟು: ಇಂಥ ಕಾಯಿಲೆಗಳು ಮೊದಲು ಸಿಕ್ಕಿದ್ದು ಓಪಿಡಿಯಲ್ಲಲ್ಲ, ಶವಾಗಾರದಲ್ಲಿ.

ಈಗ ಪ್ಯಾರಿಸ್. ಗೀ ಫಾಂಟೇನ್ ಅನ್ನುವ ವೈದ್ಯರ ಹತ್ತಿರ ವಿಚಿತ್ರ ರೋಗಿಗಳು ಬರುತ್ತಿದ್ದರು. ಅನೇಕರು ಇನ್ನೂ ಚಿಕ್ಕ ವಯಸ್ಸಿನವರು. ಹೃದಯ ಇದ್ದಕ್ಕಿದ್ದಂತೆ ನಿಮಿಷಕ್ಕೆ 200ರ ಹತ್ತಿರ ಓಡಲು ಶುರು ಮಾಡುತ್ತದೆ, ಮಾತ್ರೆಗೆ ಬಗ್ಗುವುದಿಲ್ಲ. ಇವತ್ತಾದರೆ ಎದೆಯಲ್ಲಿ ಶಾಕ್ ಕೊಡುವ ಸಾಧನ ಕೂರಿಸುತ್ತಾರೆ, ಆದರೆ ಅಂಥದ್ದನ್ನು ಮೊದಲ ಬಾರಿ ಮನುಷ್ಯನಿಗೆ ಹಾಕಿದ್ದು 1980ರಲ್ಲಿ. ಅದಕ್ಕೂ ಮುಂಚೆ ಉಳಿದ ದಾರಿ ಒಂದೇ, ಎದೆ ತೆರೆಯುವುದು. ಸರ್ಜನ್ ಜೆರಾರ್ ಗಿರೊಡೊನ್ ಎದೆ ತೆರೆದಾಗ, ಫಾಂಟೇನ್ ಮತ್ತು ಅವರ ಸಹೋದ್ಯೋಗಿ ರಾಬರ್ಟ್ ಫ್ರಾಂಕ್ ಸೇರಿದ ತಂಡ ಬಡಿಯುತ್ತಿರುವ ಹೃದಯದ ಮೇಲೆ ಎಲೆಕ್ಟ್ರೋಡನ್ನು ಇಲ್ಲಿಟ್ಟು ಅಲ್ಲಿಟ್ಟು, ಪ್ರತಿ ಬಿಂದುವಿಗೂ ಕರೆಂಟ್ ಎಷ್ಟು ಹೊತ್ತಿಗೆ ಬಂತು ಅಂತ ಗುರುತು ಹಾಕಿಕೊಳ್ಳುತ್ತಿತ್ತು. ಹೃದಯದ ಮೈಮೇಲೆ ಒಂದು ನಕ್ಷೆ. ತಪ್ಪು ಜಾಗ ಸಿಕ್ಕರೆ ಅಲ್ಲಿ ಕತ್ತರಿ.

ಆರೋಗ್ಯವಂತರಲ್ಲಿ ಕ್ಯೂಆರ್‌ಎಸ್ ಸುಮಾರು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮುಗಿಯುತ್ತದೆ. ಅಷ್ಟರೊಳಗೆ ಕೆಳಗಿನ ಎರಡೂ ಕೋಣೆಗಳ ಮೂಲೆಮೂಲೆಗೂ ಕರೆಂಟ್ ತಲುಪಿರಬೇಕು. ಈ ರೋಗಿಗಳಲ್ಲಿ ಹಾಗಾಗಿರಲಿಲ್ಲ. ಬಲಗಡೆಯ ಕೋಣೆಯ ಗೋಡೆಯ ಕೆಲವು ಜಾಗಗಳಿಗೆ ಕ್ಯೂಆರ್‌ಎಸ್ ಮುಗಿದ ಮೇಲೆ ಕರೆಂಟ್ ಬರುತ್ತಿತ್ತು. ಆಫೀಸಿಗೆ ಎಲ್ಲರೂ ಬಂದು ಮೀಟಿಂಗ್ ಮುಗಿದ ಮೇಲೆ ಸಿಲ್ಕ್ ಬೋರ್ಡ್ ದಾಟಿಕೊಂಡು ಬರುವವನ ಹಾಗೆ. ಆ ಗೋಡೆಯಲ್ಲಿ ಸ್ನಾಯುವಿನ ಬದಲು ಕೊಬ್ಬು ಮತ್ತು ನಾರು ತುಂಬಿತ್ತು, ನಡುವೆ ಉಳಿದ ಎಳೆಗಳಲ್ಲಿ ಕರೆಂಟ್ ತೆವಳುತ್ತಿತ್ತು. ಹಾಗೆ ತೆವಳುವ ಕರೆಂಟ್ ಸುತ್ತು ಹೊಡೆದು ಹೊರಟ ಜಾಗಕ್ಕೇ ವಾಪಸ್ ಬಂದರೆ ಅದೇ ಆ ಹುಚ್ಚು ಓಟ.

ಎದೆಯೊಳಗೆ ಕಂಡ ಈ ತಡ, ಮೈಮೇಲಿನ ಮಾಮೂಲಿ ಇಸಿಜಿಯಲ್ಲೂ ಕಾಣಬೇಕಲ್ಲವಾ? ಕೆಲವರಲ್ಲಿ ಕಂಡಿತು. ಎದೆಯ ಬಲಭಾಗಕ್ಕೆ ಹತ್ತಿರದ ವಿ1, ವಿ2, ವಿ3 ಅನ್ನುವ ಗೆರೆಗಳಲ್ಲಿ ಕ್ಯೂಆರ್‌ಎಸ್ ಮುಗಿದು ಟಿ ಶುರುವಾಗುವ ಮುಂಚೆ ಒಂದು ಪುಟ್ಟ ಗೀರು. ಪೆನ್ನು ಜಾರಿತು, ರೋಗಿ ಅಲ್ಲಾಡಿದ, ವೈರು ಸಡಿಲ, ಹೀಗೆ ಏನು ಬೇಕಾದರೂ ಅಂದುಕೊಂಡು ಮುಂದೆ ಹೋಗಬಹುದಾದಷ್ಟು ಪುಟ್ಟದು. ಫಾಂಟೇನ್ ಅದಕ್ಕೆ ಎಪ್ಸಿಲಾನ್ ಅಂತ ಹೆಸರಿಟ್ಟರು. ಡೆಲ್ಟಾ ಅಲೆ ಅಂತ ಆಗಲೇ ಒಂದಿತ್ತು, ಅಡ್ಡದಾರಿಯಲ್ಲಿ ಕರೆಂಟ್ ಬೇಗ ಬಂದರೆ ಕಾಣುವಂಥದ್ದು. ತಡವಾಗಿ ಬಂದದ್ದಕ್ಕೆ ಗ್ರೀಕ್ ವರ್ಣಮಾಲೆಯಲ್ಲಿ ಡೆಲ್ಟಾದ ನಂತರದ ಅಕ್ಷರ. ಜೊತೆಗೆ ಗಣಿತದಲ್ಲಿ ಎಪ್ಸಿಲಾನ್ ಅಂದರೆ ತೀರಾ ಸಣ್ಣ ಮೊತ್ತ. (ಇಂಜಿನಿಯರಿಂಗ್ ಮೊದಲ ಸೆಮಿಸ್ಟರಿನ ನೆನಪಾಗಿ ಯಾರಿಗಾದರೂ ಹೊಟ್ಟೆ ಕಿವುಚಿದರೆ ಕ್ಷಮೆ ಇರಲಿ.) 1977ರಲ್ಲಿ ಕಾಯಿಲೆಗೂ ಒಂದು ಹೆಸರು ಕೊಟ್ಟರು, 'ಅರಿದ್ಮೋಜೆನಿಕ್ ರೈಟ್ ವೆಂಟ್ರಿಕ್ಯುಲರ್ ಡಿಸ್ಪ್ಲೇಸಿಯಾ'. ಬಡಿತ ಕೆಡಿಸುವ, ಬಲಗಡೆಯ, ಹುಟ್ಟಿನಿಂದಲೇ ಸರಿಯಾಗಿ ರೂಪುಗೊಳ್ಳದ ಹೃದಯ ಅಂತ ಅರ್ಥ. 1982ರಲ್ಲಿ ಅಮೆರಿಕದ ಫ್ರಾಂಕ್ ಮಾರ್ಕಸ್ ಇವರ ಜೊತೆ ಸೇರಿ 24 ರೋಗಿಗಳ ವಿವರ ಪ್ರಕಟಿಸಿದ ಮೇಲೆ ಉಳಿದ ಜಗತ್ತೂ ನೋಡಿತು. 'ಹುಟ್ಟಿನಿಂದಲೇ' ಅನ್ನುವ ಭಾಗ ತಪ್ಪು ಅಂತ ಆಮೇಲೆ ಗೊತ್ತಾಯಿತು. ಅದಕ್ಕೆ ಬರ್ತೀನಿ.

24 ಜನ ಅಂದರೆ ಅಪರೂಪದ ಕಾಯಿಲೆ ಅನ್ನಿಸುತ್ತೆ. ಹಾಗಲ್ಲ ಅಂತ ತೋರಿಸಿದ್ದು ಇಟಲಿಯ ಪಡುವಾ. ಆಧುನಿಕ ಪೆಥಾಲಜಿಯ ಪಿತಾಮಹ ಅನ್ನಿಸಿಕೊಂಡ ಮೊರ್ಗಾನ್ಯಿ ಪಾಠ ಹೇಳಿದ ಊರು, ರಕ್ತ ಸುತ್ತುವುದನ್ನು ವಿವರಿಸಿದ ವಿಲಿಯಂ ಹಾರ್ವಿ ಓದಿದ ಊರು. ಅಲ್ಲಿನ ಗೆಟಾನೋ ಥಿಯೇನೆ ಮತ್ತು ಅವರ ತಂಡ, ಸುತ್ತಲಿನ ವೆನೆಟೋ ಪ್ರಾಂತ್ಯದಲ್ಲಿ ಇದ್ದಕ್ಕಿದ್ದಂತೆ ಸತ್ತ 35 ವರ್ಷದೊಳಗಿನ 60 ಜನರ ಹೃದಯಗಳನ್ನು ಒಂದೊಂದಾಗಿ ತೆರೆದು ನೋಡಿತು. ಫಲಿತಾಂಶ ಬಂದದ್ದು 1988ರಲ್ಲಿ. 60ರಲ್ಲಿ 12 ಜನಕ್ಕೆ ಇದೇ ಬಲಗಡೆಯ ಕಾಯಿಲೆ. ಅವರಲ್ಲಿ ಅತಿ ಚಿಕ್ಕವರಿಗೆ 13 ವರ್ಷ, ದೊಡ್ಡವರಿಗೆ 30. ಐದು ಜನ ಒಂದು ಪ್ರಮಾಣದಲ್ಲಿ ಒಬ್ಬರು!

ಇಷ್ಟು ದಿನ ಯಾಕೆ ಸಿಗಲಿಲ್ಲ? ಈ 12 ಹೃದಯಗಳ ತೂಕ ಮಾಮೂಲಾಗಿತ್ತು, ಇಲ್ಲವೇ ತುಸು ಹೆಚ್ಚಿತ್ತು ಅಷ್ಟೆ. ಪೋಸ್ಟ್‌ಮಾರ್ಟಂ ಮಾಡುವವರು ಸಾಮಾನ್ಯವಾಗಿ ಮೊದಲು ಹುಡುಕುವುದು ಕಟ್ಟಿದ ರಕ್ತನಾಳ, ಎಡಗಡೆಯ ಗೋಡೆ. ಬಲಗಡೆಯ ಗೋಡೆ ಮೂರು ನಾಲ್ಕು ಮಿಲಿಮೀಟರ್ ದಪ್ಪ ಅಷ್ಟೆ. ಅದರ ಮೇಲೆ ಒಂದಿಷ್ಟು ಹಳದಿ ಕೊಬ್ಬು ಎಲ್ಲರಿಗೂ ಇರುತ್ತೆ, ಅಂಥದ್ದನ್ನು ಕಂಡು ಯಾರು ಅನುಮಾನ ಪಡ್ತಾರೆ?

ಆ ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಮಾತು. ಈ 12 ಜನರಲ್ಲಿ ಯಾರಿಗೂ ಬದುಕಿದ್ದಾಗ ಈ ಕಾಯಿಲೆ ಇದೆ ಅಂತ ಗೊತ್ತಾಗಿರಲಿಲ್ಲ, ಅನುಮಾನವೂ ಬಂದಿರಲಿಲ್ಲ. ಐದು ಜನಕ್ಕೆ ಸಾವೇ ಮೊದಲ ಲಕ್ಷಣ. ಉಳಿದ ಏಳು ಜನ ಎದೆ ಡವಗುಟ್ಟುತ್ತೆ, ತಲೆ ಸುತ್ತಿ ಬಿದ್ದೆ ಅಂತ ಮುಂಚೆಯೇ ಹೇಳಿಕೊಂಡಿದ್ದರು. ಆ ಏಳರಲ್ಲಿ ಐದು ಜನಕ್ಕೆ ಇಸಿಜಿ ತೆಗೆದು, ಬಡಿತ ತಪ್ಪುತ್ತಿರುವುದು ಗೆರೆಯಲ್ಲಿ ದಾಖಲೂ ಆಗಿತ್ತು. ಅಂದರೆ ಕಾಗದ ಹೇಳಿತ್ತು. ಹೇಳಿದ್ದಕ್ಕೆ ಒಂದು ಹೆಸರು ಇನ್ನೂ ವೈದ್ಯರ ತಲೆಯಲ್ಲಿ ಕೂತಿರಲಿಲ್ಲ.

ಇದೇ ಹೊತ್ತಿಗೆ ಗ್ರೀಸಿನ ನಾಕ್ಸೋಸ್ ದ್ವೀಪದಲ್ಲಿ ಬೇರೆಯೇ ಕಡೆಯಿಂದ ಒಬ್ಬರು ಇದೇ ಬಾಗಿಲಿಗೆ ಬರುತ್ತಿದ್ದರು. ಅಲ್ಲಿನ ವೈದ್ಯ ನಿಕೋಸ್ ಪ್ರೊಟೊನೊಟೇರಿಯೋಸ್ ಕೆಲವು ಮನೆತನಗಳಲ್ಲಿ ಒಂದು ವಿಶೇಷ ನೋಡಿದರು. ಮಕ್ಕಳಿಗೆ ಹುಟ್ಟಿದಾಗಿನಿಂದ ಕುರಿಯ ಉಣ್ಣೆಯಂಥ ಕೂದಲು. ಅಂಬೆಗಾಲಿಟ್ಟು ಕೈಕಾಲು ನೆಲಕ್ಕೆ ಊರತೊಡಗಿದ ಮೇಲೆ ಅಂಗೈ ಅಂಗಾಲಿನ ಚರ್ಮ ದಪ್ಪಗಾಗುತ್ತದೆ. ದೊಡ್ಡವರಾಗುತ್ತಾ ಹೃದಯದ ಬಡಿತ ಕೆಡುತ್ತದೆ, ಕೆಲವರು ಹಠಾತ್ತಾಗಿ ಸಾಯುತ್ತಾರೆ. 1986ರಲ್ಲಿ ನಾಲ್ಕು ಕುಟುಂಬಗಳ ಒಂಬತ್ತು ಜನರ ವಿವರ ಅವರು ಮತ್ತು ಸಂಗಡಿಗರು ಪ್ರಕಟಿಸಿದರು. ಕೂದಲಿಗೂ ಹೃದಯಕ್ಕೂ ಏನು ನಂಟು ಅಂತ ಯಾರಿಗಾದರೂ ಅನ್ನಿಸುತ್ತೆ. ಪ್ರೊಟೊನೊಟೇರಿಯೋಸ್ ಮತ್ತು ಅವರ ಪತ್ನಿ, ತಾವೂ ವೈದ್ಯೆಯಾದ ಅಡಲೇನಾ ತ್ಸಾತ್ಸೊಪೌಲೂ, ಈ ಕುಟುಂಬಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಕೂದಲು, ಅಂಗೈ ನೋಡಿದರೆ ಯಾವ ಮಗುವಿಗೆ ಮುಂದೆ ಹೃದಯದ ತೊಂದರೆ ಬರುತ್ತೆ ಅಂತ ಮೊದಲೇ ಗೊತ್ತು. ಹಾಗಾಗಿ ಒಂದೇ ಮನುಷ್ಯನ ಇಸಿಜಿ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗುತ್ತೆ ಅಂತ ನೋಡುವ ಅವಕಾಶ ಅವರಿಗೆ ಸಿಕ್ಕಿತು. ಬೇರೆ ಊರುಗಳಲ್ಲಿ ಈ ಕಾಯಿಲೆಯನ್ನು ಕೊನೆಯ ಪುಟದಿಂದ ಹಿಂದಕ್ಕೆ ಓದಬೇಕಿತ್ತು.

2000ನೇ ಇಸವಿಯಲ್ಲಿ ಕಾರಣ ಸಿಕ್ಕಿತು. ಪ್ಲಾಕೋಗ್ಲೋಬಿನ್ ಅನ್ನುವ ಪ್ರೋಟೀನಿನ ಜೀನ್‌ನಲ್ಲಿ ಎರಡು ಅಕ್ಷರ ಬಿಟ್ಟುಹೋಗಿತ್ತು. ಒಂದು ಜೀವಕೋಶವನ್ನು ಪಕ್ಕದ ಜೀವಕೋಶಕ್ಕೆ ಹಿಡಿದು ನಿಲ್ಲಿಸುವ ಡೆಸ್ಮೋಸೋಮ್ ಅನ್ನುವ ರಚನೆಯ ಒಂದು ತುಣುಕು ಇದು. ರವಿಕೆಗೆ ಟಿಚ್ ಬಟನ್ ಹಾಕ್ತಾರಲ್ಲ, ಅದರ ಹಾಗೆ. ಚರ್ಮ, ಕೂದಲು, ಹೃದಯ ಮೂರೂ ದಿನವಿಡೀ ಎಳೆದಾಟಕ್ಕೆ ಸಿಕ್ಕುವ ಜಾಗಗಳು, ಮೂರಕ್ಕೂ ಗಟ್ಟಿ ಟಿಚ್ ಬಟನ್ ಬೇಕು. ಬಟನ್ ಸಡಿಲವಿದ್ದರೆ ಹೃದಯದ ಸ್ನಾಯುಕೋಶಗಳು ಬಡಿತ ಬಡಿತಕ್ಕೂ ಒಂದನ್ನೊಂದು ಬಿಟ್ಟುಕೊಂಡು ಸಾಯುತ್ತವೆ, ಆ ಜಾಗದಲ್ಲಿ ಕಲೆ, ಕೊಬ್ಬು. ಆಮೇಲೆ ಇದೇ ಬಟನ್ನಿನ ಬೇರೆ ಬೇರೆ ತುಣುಕುಗಳ ದೋಷ, ಕೂದಲು ಚರ್ಮ ಎಲ್ಲ ಸರಿಯಿದ್ದ ಸಾಮಾನ್ಯ ರೋಗಿಗಳಲ್ಲೂ ಸಿಕ್ಕಿತು. ಹುಟ್ಟುವಾಗ ಹೃದಯ ಸರಿಯಾಗೇ ಇರುತ್ತೆ, ಕೆಡುವುದು ಬಳಸುತ್ತಾ ಬಳಸುತ್ತಾ ಅಂತ ಆಯಿತು. 'ಡಿಸ್ಪ್ಲೇಸಿಯಾ' ಹೋಗಿ 'ಕಾರ್ಡಿಯೋಮಯೋಪತಿ' ಬಂತು.

ಬಳಸುತ್ತಾ ಕೆಡುವುದು ಅಂದರೆ, ಹೆಚ್ಚು ಬಳಸಿದವರಿಗೆ ಹೆಚ್ಚು ಕೆಡುಕು. ಓಡುವಾಗ ತೆಳ್ಳನೆಯ ಬಲಗೋಡೆಯ ಮೇಲೆ ಎಳೆತ ಜಾಸ್ತಿ. ಫುಟ್‌ಬಾಲ್ ನೋಡುವವರಿಗೆ ಸೆವಿಯಾ ತಂಡದ ಆಂಟೋನಿಯೋ ಪ್ವೆರ್ತಾ ನೆನಪಿರಬಹುದು. 2007ರ ಆಗಸ್ಟಿನಲ್ಲಿ ಮ್ಯಾಚಿನ ನಡುವೆ ಮೈದಾನದಲ್ಲಿ ಕುಸಿದ 22ರ ಹುಡುಗ, ಮೂರು ದಿನದ ಮೇಲೆ ತೀರಿಕೊಂಡ. ಅವನಿಗಿದ್ದದ್ದು ಇದೇ ಕಾಯಿಲೆ.

ಇಟಲಿ ಇದಕ್ಕೊಂದು ಕಾನೂನೇ ಮಾಡಿಕೊಂಡಿತ್ತು. 1982ರಿಂದ ಅಲ್ಲಿ ಸ್ಪರ್ಧೆಗೆ ಇಳಿಯುವ ಪ್ರತಿಯೊಬ್ಬ ಆಟಗಾರನಿಗೂ ಮೊದಲು ಇಸಿಜಿ ಕಡ್ಡಾಯ. ಪಡುವಾದ ಡೊಮೆನಿಕೋ ಕೊರಾಡೋ 2006ರಲ್ಲಿ ಲೆಕ್ಕ ಕೊಟ್ಟರು. ವೆನೆಟೋದಲ್ಲಿ ಯುವ ಆಟಗಾರರ ಹಠಾತ್ ಸಾವು ವರ್ಷಕ್ಕೆ ಲಕ್ಷಕ್ಕೆ 3.6 ಇದ್ದದ್ದು 0.4ಕ್ಕೆ ಇಳಿದಿತ್ತು, ಶೇಕಡಾ 89 ಕಡಿಮೆ. ಕಡಿಮೆಯಾದದ್ದರಲ್ಲಿ ಹೆಚ್ಚಿನ ಪಾಲು ಕಾರ್ಡಿಯೋಮಯೋಪತಿ ಸಾವುಗಳು. ಕೇಳಿದರೆ ಹಾಗಾದ್ರೆ ಎಲ್ಲರಿಗೂ ಮಾಡಿಸಿಬಿಡಿ ಅನ್ನಿಸುತ್ತೆ. ಆದರೆ ಇಸ್ರೇಲ್ 1997ರಲ್ಲಿ ಇಂಥದ್ದೇ ಕಾನೂನು ತಂದಿತು, ಅಲ್ಲಿ ಲೆಕ್ಕ ಹಾಕಿದವರಿಗೆ ಸಾವು ಇಳಿದದ್ದು ಕಾಣಲಿಲ್ಲ. ಅಮೆರಿಕದವರು ದೇಶಾದ್ಯಂತ ಕಡ್ಡಾಯ ಮಾಡಿಲ್ಲ. ಅವರ ವಾದ, ಏನೂ ಇಲ್ಲದವರಿಗೂ ಇಸಿಜಿ ಗಾಬರಿ ಹುಟ್ಟಿಸುತ್ತೆ ಅಂತ. ಅದರಲ್ಲಿ ಹುರುಳಿದೆ. ವಿ1ರಿಂದ ವಿ3ರವರೆಗೆ ಟಿ ಅಲೆ ತಲೆಕೆಳಗಾಗಿರುವುದು ದೊಡ್ಡವರಲ್ಲಿ ಈ ಕಾಯಿಲೆಯ ಮುಖ್ಯ ಸುಳಿವು. ಅದೇ ಗೆರೆ ಹತ್ತು ವರ್ಷದ ಮಗುವಿನಲ್ಲಿ ಪೂರ್ತಿ ನಾರ್ಮಲ್. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಬೆಂಗಳೂರಿನಲ್ಲಿ ನಮ್ಮ ವಯಸ್ಸಿನವರೆಲ್ಲ ಜಯದೇವದಂಥ ಆಸ್ಪತ್ರೆಗಳ ಮುಂದೆ ಕ್ಯೂ ನಿಂತದ್ದು ನೆನಪಿದೆಯಲ್ಲ. ಅವರ ಸಾವಿಗೂ ಈ ಕಾಯಿಲೆಗೂ ನಂಟು ಕಟ್ಟುತ್ತಿಲ್ಲ, ಆ ಕ್ಯೂ ಬಗ್ಗೆ ಮಾತ್ರ ಹೇಳ್ತಾ ಇದ್ದೀನಿ. ನಾವು ಕ್ಯೂ ನಿಂತದ್ದು ಯಂತ್ರದ ಮುಂದೆ. ಪಡುವಾದವರಿಗೆ ಯಂತ್ರದ ಜೊತೆಗೆ ಏನು ಹುಡುಕಬೇಕು ಅಂತ ಗೊತ್ತಿದ್ದ, ಅದನ್ನೇ ವರ್ಷಗಟ್ಟಲೆ ಓದಿದ್ದ ಕಣ್ಣುಗಳೂ ಇದ್ದವು. ನನಗೆ ಕಂಡ ಮಟ್ಟಿಗೆ ಇಸ್ರೇಲಿಗೂ ಇಟಲಿಗೂ ಇರುವ ವ್ಯತ್ಯಾಸದಲ್ಲಿ ಇದರದ್ದೂ ಒಂದು ಪಾಲು ಇದ್ದೀತು. ಸಾಬೀತು ಮಾಡೋಕೆ ನಾನು ಡಾಕ್ಟರಲ್ಲ.

ಇನ್ನು ನಮ್ಮ ಎಪ್ಸಿಲಾನ್ ಏನಾಯಿತು? 2010ರಲ್ಲಿ ತಜ್ಞರ ಸಮಿತಿ ಈ ಕಾಯಿಲೆಯ ಲಕ್ಷಣಗಳ ಪಟ್ಟಿ ಪರಿಷ್ಕರಿಸಿದಾಗಲೂ ಎಪ್ಸಿಲಾನ್ 'ಪ್ರಮುಖ' ಗುರುತುಗಳ ಸಾಲಿನಲ್ಲೇ ಇತ್ತು. ಆಮೇಲೆ ಯಾರೋ ಒಂದು ಸರಳ ಪರೀಕ್ಷೆ ಮಾಡಿದರು. ಒಂದೇ ಕಂತೆ ಇಸಿಜಿಗಳನ್ನು ಬೇರೆ ಬೇರೆ ನುರಿತ ತಜ್ಞರಿಗೆ ಕೊಟ್ಟು, ಎಪ್ಸಿಲಾನ್ ಎಲ್ಲಿದೆ ಹೇಳಿ ಅಂದರು. ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಕಾಣಲಿಲ್ಲ. ಜೊತೆಗೆ, ಅದು ಸ್ಪಷ್ಟವಾಗಿ ಕಾಣುವ ಹೊತ್ತಿಗೆ ಕಾಯಿಲೆ ಸಾಕಷ್ಟು ಮುಂದುವರಿದಿರುತ್ತೆ. 2020ರಲ್ಲಿ ಹೊಸ ಪಟ್ಟಿ ಬಂತು, ಹೆಸರು ಪಡುವಾ ಪಟ್ಟಿ. ಅದರಲ್ಲಿ ಎಪ್ಸಿಲಾನ್ 'ಕಿರಿಯ' ಸಾಲಿಗೆ ಇಳಿಯಿತು. ಇಷ್ಟರಲ್ಲಿ ಎಂಆರ್‌ಐನಲ್ಲಿ ಗ್ಯಾಡೋಲಿನಿಯಮ್ ಅನ್ನುವ ದ್ರವ ಕೊಟ್ಟು ಕಲೆಯನ್ನೇ ಬೆಳ್ಳಗೆ ಹೊಳೆಯುವ ಹಾಗೆ ನೋಡುವುದು ಬಂದಿತ್ತು. ಹಾಗೆ ನೋಡಿದಾಗ ಬಲಗಡೆಯ ಕಾಯಿಲೆ ಅಂದುಕೊಂಡದ್ದು ಎಷ್ಟೋ ಜನರಲ್ಲಿ ಎಡಗೋಡೆಯಲ್ಲೂ ಇತ್ತು. ಅದಕ್ಕೆ ಹೊಸ ಪಟ್ಟಿಯಲ್ಲಿ ಎಡಗಡೆಯ ಕಲೆಗೂ ಒಂದು ಇಸಿಜಿ ಗುರುತು ಸೇರಿತು. ಕೈಕಾಲಿನ ಗೆರೆಗಳಲ್ಲಿ ಕ್ಯೂಆರ್‌ಎಸ್ ತೀರಾ ಕುಳ್ಳಗಿರುವುದು, ಐದು ಸಣ್ಣ ಚೌಕಕ್ಕಿಂತ ಕಡಿಮೆ. ಕಲೆ ಕರೆಂಟ್ ಹುಟ್ಟಿಸಲ್ಲ, ಗೋಪುರ ಏಳಲ್ಲ. ವಿಲ್ಸನ್ ಕಾಲದ ವಿಚಾರವೇ ಸುತ್ತು ಹೊಡೆದು ವಾಪಸ್ ಬಂತು ಅಂದುಕೊಳ್ಳಿ.

ಎಪ್ಸಿಲಾನ್ ಪೂರ್ತಿ ಹೋಗಿಲ್ಲ. ಅಮೆರಿಕದ ಮಿಥಿಲೇಶ್ ದಾಸ್ 2006ರಿಂದ ಈಚೆಗೆ ಅದರ ಸೋದರ ಸಂಬಂಧಿಯಂಥ ಇನ್ನೊಂದನ್ನು ಮುಂದಿಟ್ಟರು. ಕ್ಯೂಆರ್‌ಎಸ್ ಗೋಪುರದ ಮೈಮೇಲೆ ಗರಗಸದ ಹಲ್ಲಿನಂತೆ ಕಾಣುವ ಚಿಕ್ಕ ಒಡಕುಗಳು. ಮೊದಲು ಹಾರ್ಟ್ ಅಟ್ಯಾಕ್ ಕಲೆಗಳಲ್ಲಿ, ಆಮೇಲೆ ಕಾರ್ಡಿಯೋಮಯೋಪತಿಯ ಕಲೆಗಳಲ್ಲೂ ಇದನ್ನು ಹುಡುಕತೊಡಗಿದರು. ಇವೆಲ್ಲ ಚುರುಕಾಗಿ ಏರಿಳಿಯುವ ಸಣ್ಣ ಸಂಗತಿಗಳು. ಫಿಲ್ಟರನ್ನು 40ಕ್ಕೆ ಇಟ್ಟರೆ ಹಲ್ಲುಗಳು ಮೊಂಡಾಗುತ್ತವೆ, ಕೆಲವು ಸಲ ಮಾಯವಾಗಬಹುದು. ದೊಡ್ಡವರ ಇಸಿಜಿಗೆ 150 ಹರ್ಟ್ಸ್ ಇಡಬೇಕು ಅಂತ ಅಮೆರಿಕದ ಹೃದ್ರೋಗ ಸಂಘಗಳ ಶಿಫಾರಸು 2007ರಿಂದ ಇದೆ. ನೀಟಾಗಿ ಕಾಣಲಿ ಅಂತ 40ಕ್ಕೆ ಇಳಿಸುವುದು ನನ್ನ ಹುಡುಗನೊಬ್ಬನ ಅಭ್ಯಾಸವಲ್ಲ, ಜಗತ್ತಿನ ಎಷ್ಟೋ ಕಡೆ ಹೀಗೇ ನಡೆಯುತ್ತೆ.

ಈ ವರ್ಷದ ಚೆಕಪ್ಪಿಗೆ ಹೋದಾಗ ಅದೇ ಹುಡುಗ ಇದ್ದ. ಫಿಲ್ಟರ್ ತೆಗೆದು ಒಂದು, ಹಾಕಿ ಒಂದು ಕೊಡ್ತೀರಾ ಅಂತ ಕೇಳಿದೆ. ಯಾಕೆ ಸಾರ್ ಅಂದ. ಹೇಳಿದೆ, ಪೂರ್ತಿ ಅಲ್ಲ, ಹಿಂದೆ ಎಂಟು ಜನ ಕಾಯ್ತಾ ಇದ್ದರು. ಎಸಿ ಕಡಿಮೆ ಮಾಡಿದ, ಮೇಲೊಂದು ಬೆಡ್‌ಶೀಟ್ ಹೊದಿಸಿದ, ಎರಡು ನಿಮಿಷ ಸುಮ್ಮನೆ ಮಲಗಿ ಅಂದ. 150ರಲ್ಲೇ ಗೆರೆ ಸಾಕಷ್ಟು ಚೆನ್ನಾಗಿ ಬಂತು. ಡಾಕ್ಟರ್ ಎರಡನ್ನೂ ನೋಡಿ ಏನಿಲ್ಲ ಅಂದರು. ಹೊರಡುವಾಗ ಅವನೇ ಹೇಳಿದ, "ಸಾರ್, ಇದು ಥರ್ಮಲ್ ಪೇಪರ್, ಇಟ್ಟಲ್ಲೇ ಗೆರೆ ಮಾಸಿ ಹೋಗುತ್ತೆ. ಮುಂದೆ ಏನಾದ್ರೂ ಆದ್ರೆ ಡಾಕ್ಟ್ರು ಹಳೇದು ಕೇಳ್ತಾರೆ, ಜೆರಾಕ್ಸ್ ಮಾಡ್ಸಿಟ್ಕೊಳ್ಳಿ." ಕೆಳಗಿನ ಅಂಗಡಿಯಲ್ಲಿ ಎರಡೆರಡು ಕಾಪಿ ಮಾಡಿಸಿದೆ.